ಏಳು ಎಕರೆ ಹೊಸ ಕಬ್ಬು

ವುನಿಕಾವು, ಲಂಬಾಸಾ
ಮಂಗಳವಾರ, 5 ಮಾರ್ಚ್ 2002

ಪ್ರೀತಿಯ ವಸಿತಿ,

ಇವತ್ತು ಹನುಮಂತನ ವಾರ, ಉಪವಾಸ. ನಾಲ್ಕೂವರೆಗೆ ಎದ್ದು ಹಸು ಕರೆದು, ಎತ್ತುಗಳಿಗೆ ಕಬ್ಬಿನ ಸೋಗೆ ಹಾಕಿ, ಅಂಗಳ ಗುಡಿಸಿ, ಹನುಮಂತನ ಕೆಂಪು ಬಾವುಟದ ಬುಡಕ್ಕೆ ನೀರು ಬಿಟ್ಟು ಬಂದು ಕುಳಿತಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಬರೆದ ಕಾಗದಕ್ಕೆ ಸುಳ್ಳು ಸೇರುವುದಿಲ್ಲ ಎಂದು ನಮ್ಮಪ್ಪ ಹೇಳುತ್ತಿದ್ದರು. ಅದಕ್ಕೇ ಇವತ್ತೇ ಬರೆದೆ.

ಬರುವ ಡಿಸೆಂಬರ್ ಮೂವತ್ತೊಂದಕ್ಕೆ ನಮ್ಮ ಗುತ್ತಿಗೆಯ ಮೂವತ್ತು ವರ್ಷ ಮುಗಿಯುತ್ತದೆ. ನೆಲ ನಿಮ್ಮ ಕುಲದ್ದು, ಅದರಲ್ಲಿ ನನ್ನ ತಕರಾರಿಲ್ಲ. ಜಮೀನು ಕಚೇರಿಯ ಗುಮಾಸ್ತ ಹೇಳಿದ, "ಕುಲದ ಯಜಮಾನ ಹ್ಞೂಂ ಅಂದ್ರೆ ಇನ್ನೂ ಮೂವತ್ತು ವರ್ಷಕ್ಕೆ ಬರ್ಕೊಡ್ತೀವಮ್ಮ. ಉಹ್ಞೂಂ ಅಂದ್ರೆ ಗಂಟು ಕಟ್ಟಬೇಕು, ಅಷ್ಟೆ." ಯಜಮಾನ ಅಂದರೆ ನಿನ್ನ ಅಣ್ಣ ಅಪಿಸಾಯ್. ನೀನು ಒಂದು ಮಾತು ಹೇಳಿದರೆ ಅವನು ತೆಗೆದುಹಾಕುವುದಿಲ್ಲ. ಬಿಸುನ್ ತೀರಿಹೋಗಿ, ನಾನು ಗಂಡನಿಲ್ಲದವಳಾಗಿ ಎರಡು ವರ್ಷವಾಯಿತು. ದೇವರು ನಮಗೆ ಮಕ್ಕಳನ್ನು ಕೊಡಲಿಲ್ಲ, ಹನ್ನೆರಡು ಎಕರೆ ಕಬ್ಬು ಕೊಟ್ಟ. ಇದು ಬಿಟ್ಟರೆ ನನಗೆ ನಿಲ್ಲುವ ಜಾಗ ಇಲ್ಲ.

ಇನ್ನೊಂದು ಕೇಳಬೇಕು. ಏಳು ಎಕರೆ ಕೂಳೆ ಮುದಿಯಾಗಿದೆ, ಕಿತ್ತು ಹೊಸದಾಗಿ ನೆಡಬೇಕು. ಈಗ ನೆಟ್ಟರೆ ಕಡಿಯುವುದು ಮುಂದಿನ ವರ್ಷದ ನಡುವೆ. ಆಗ ನಾನು ಇಲ್ಲಿ ಇರುತ್ತೇನೋ ಇಲ್ಲವೋ. ಸುತ್ತಲ ಗುತ್ತಿಗೆದಾರರು ಯಾರೂ ನೆಡುತ್ತಿಲ್ಲ, ಗೊಬ್ಬರವನ್ನೂ ಹಾಕುತ್ತಿಲ್ಲ. ನೆಡಲೋ ಬೇಡವೋ ನೀನೇ ಹೇಳು.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಅಕ್ಷರ ತಿದ್ದಿದವರು. ನೀನು ಶಾಲೆ ಬಿಟ್ಟು ನಮ್ಮ ತವರು ಮನೆಗೆ ಬಂದರೆ ನಿನಗೆಂದೇ ಒಂದು ತಗಡಿನ ಲೋಟ ಹಿತ್ತಲ ಮೊಳೆಗೆ ತೂಗಿರುತ್ತಿತ್ತು. ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ನಮ್ಮಮ್ಮನಿಗೆ ಅಷ್ಟು ಪ್ರೀತಿ ನಿನ್ನ ಮೇಲೆ.

ನಿನ್ನ
ಸೋನ್‌ಮತಿ


ಸುವಾ
2 ಏಪ್ರಿಲ್ 2002

ಪ್ರೀತಿಯ ಸೋನಾ,

ಕಾಗದ ಓದಿ ನನ್ನ ಗಂಡನಿಗೂ ಓದಿ ಹೇಳಿದೆ. ಸೆಮಿಯ ಕಾಲಿನ ಹುಣ್ಣು ಇನ್ನೂ ಒಣಗಿಲ್ಲ, ಸಕ್ಕರೆ ಕಾಯಿಲೆ. "ನಿನ್ನ ಗೆಳತಿ ಬೆಳೆದದ್ದೆಲ್ಲ ನನ್ನ ಕಾಲಿಗೇ ಬಂತು ನೋಡು" ಎಂದು ನಗುತ್ತಾನೆ. ಮತ್ತೆಲ್ಲ ಚೆನ್ನಾಗಿದ್ದೇವೆ.

ನೆಡು. ಅನುಮಾನ ಬೇಡ. ಹೊಲದಲ್ಲಿ ಹುಲ್ಲು ನೋಡಿದರೆ ಅಣ್ಣ "ಇವಳು ಆಗಲೇ ಮನಸ್ಸಿನಲ್ಲಿ ಗಂಟು ಕಟ್ಟಿದ್ದಾಳೆ" ಅಂದುಕೊಳ್ಳುತ್ತಾನೆ. ಹೊಸ ಕಬ್ಬು ಎದ್ದು ನಿಂತಿದ್ದರೆ ಬಾಯಿ ಬಿಟ್ಟು ಕೇಳುವುದೇ ಬೇಡ, ಹೊಲವೇ ಕೇಳುತ್ತದೆ. ಏಳಕ್ಕೆ ಏಳೂ ಎಕರೆ ನೆಡು. ಗೊಬ್ಬರಕ್ಕೆ ಜಿಪುಣತನ ಮಾಡಬೇಡ.

ಕೇಳುವುದನ್ನು ನಮ್ಮ ರೀತಿಯಲ್ಲಿ ಕೇಳಬೇಕು. ಅಣ್ಣನ ಕೈಗೆ ಕಾಣಿಕೆ ಕೊಡಲು ಒಂದು ಒಳ್ಳೆಯ ತಂಬುವಾ ಹೊಂದಿಸಿಕೊ. ಹಿರಿಯರು ಚಾಪೆ ಹಾಸಿ ಕೂರುವ ದಿನವನ್ನು ನಾನು ತಿಳಿಸುತ್ತೇನೆ. ನಿನಗಾಗಿ ದಿನಾ ಪ್ರಾರ್ಥನೆ ಮಾಡುತ್ತಿದ್ದೇನೆ.

ವಸಿತಿ


ವುನಿಕಾವು
ಮಂಗಳವಾರ, 9 ಜುಲೈ 2002

ಪ್ರೀತಿಯ ವಸಿತಿ,

ನೆಟ್ಟೆ. ಮೇ ತಿಂಗಳೆಲ್ಲ ಅದೇ ಕೆಲಸ. ಹಳೆ ಕೂಳೆ ಕಿತ್ತು, ಎರಡು ಸಲ ಉತ್ತು, ಒಳ್ಳೆಯ ತನಿ ಕಬ್ಬಿನ ತುಂಡುಗಳನ್ನೇ ಆರಿಸಿ ಸಾಲಿಗೆ ಹಾಕಿಸಿದೆ. ಈಗ ಮೊಣಕಾಲುದ್ದ ಬಂದಿದೆ. ಬೆಳಿಗ್ಗೆ ನೋಡಿದರೆ ಕಣ್ಣಿಗೆ ತಂಪು.

ಕಬ್ಬು ಕಡಿಯುವ ತಂಡದ ಮೇಸ್ತ್ರಿ ಗಫೂರ್ ಭಾಯಿ ಬದುವಿನ ಮೇಲೆ ನಿಂತು ನೋಡಿದ. "ಅತ್ತಿಗೆ, ಯಾರ ಬಾಯಿಗೆ ಬೀಳಲಿ ಅಂತ ಇಷ್ಟು ಚೆಂದ ನೆಟ್ಟಿದ್ದೀಯ?" ಅಂದ. "ನನ್ನ ಬಾಯಿಗೇ" ಅಂದೆ. "ಬಾಯಿ ದೊಡ್ಡದಾಯ್ತು ನಿಂದು. ನಮ್ಮ ತಂಡದಲ್ಲಿ ಹದಿನೆಂಟು ಹೊಲ ಇದ್ವು, ಈಗ ಹನ್ನೊಂದು. ಉಳಿದ ಏಳರಲ್ಲಿ ಹುಲ್ಲು ಮೇಯಿಸ್ತಿದ್ದಾರೆ." "ನನಗೆ ವಸಿತಿ ಇದ್ದಾಳೆ." ಅವನು ಬೀಡಿ ಹೊತ್ತಿಸಿದ.

ತಂಬುವಾ ಅವನೇ ಪೇಟೆಯ ಗಿರವಿ ಅಂಗಡಿಯಲ್ಲಿ ಕೊಂಡು ತಂದ. ಗೇಣುದ್ದದ ತಿಮಿಂಗಿಲದ ಹಲ್ಲು, ಎಣ್ಣೆ ಹಚ್ಚಿ ಹಚ್ಚಿ ಹಳದಿಯಾದದ್ದು, ಹುರಿ ಕಟ್ಟಿದೆ. ನಿಮ್ಮವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲವೆಂದು ಗೊತ್ತು. ಆದರೂ ಮನೆಯೊಳಗೆ ತರಲು ಮನಸ್ಸು ಬರಲಿಲ್ಲ, ಎತ್ತಿನ ಕೊಟ್ಟಿಗೆಯ ಅಟ್ಟದ ಮೇಲೆ ಇಡಿಸಿದ್ದೇನೆ. ನೀನು ತಪ್ಪು ತಿಳಿಯುವವಳಲ್ಲ.

ದಿನ ತಿಳಿಸು.

ಸೋನ್‌ಮತಿ


ಸುವಾ
28 ಅಕ್ಟೋಬರ್ 2002

ಪ್ರೀತಿಯ ಸೋನಾ,

ತಡವಾಯಿತು, ಕ್ಷಮಿಸು. ಅಣ್ಣ ಒಪ್ಪಿದ್ದಾನೆ, ಹಿರಿಯರನ್ನು ಕೂರಿಸುತ್ತಾನೆ. ನವೆಂಬರ್ ಹದಿನೈದು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ. ನಾನೂ ಅವತ್ತು ಊರಿನಲ್ಲಿರುತ್ತೇನೆ. ಗಂಡ ಇಲ್ಲದವಳಾದ್ದರಿಂದ ನಿನ್ನ ಕೈಯಿಂದಲೇ ತಂಬುವಾ ಕೊಡಬೇಕು, ಗಫೂರ್ ಕೈಯಲ್ಲಿ ಕೊಡಿಸಿದರೆ ಅಣ್ಣ ಮುಟ್ಟುವುದಿಲ್ಲ. ಅವನು ಅದನ್ನು ಕೈಗೆ ತೆಗೆದುಕೊಂಡನೆಂದರೆ ನಿನ್ನ ಕೆಲಸ ಆಯಿತೆಂದೇ ತಿಳಿ.

ವಸಿತಿ


ವುನಿಕಾವು
ದೀಪಾವಳಿ, 4 ನವೆಂಬರ್ 2002

ಪ್ರೀತಿಯ ವಸಿತಿ,

ದೀಪ ಹಚ್ಚುವ ಮೊದಲು ಇದನ್ನು ಬರೆದು ಮುಗಿಸಬೇಕು. ನಿನ್ನ ಕಾಗದ ನೋಡಿ ಬಾವುಟದ ಮುಂದೆ ಕೈಮುಗಿದೆ. ಆಮೇಲೆ ಪಂಚಾಂಗ ತೆಗೆದು ನೋಡಿದೆ. ಹದಿನೈದನೇ ತಾರೀಖು ಏಕಾದಶಿ. ಅದೂ ಸಾಧಾರಣ ಏಕಾದಶಿಯಲ್ಲ, ನಾಲ್ಕು ತಿಂಗಳು ಮಲಗಿದ ದೇವರು ಕಣ್ಣು ಬಿಡುವ ದಿನ. ಅವತ್ತು ನಾನು ನೀರೂ ಕುಡಿಯುವುದಿಲ್ಲ. ಸತ್ತ ಪ್ರಾಣಿಯ ಮೂಳೆಯನ್ನು ಕೈಯಲ್ಲಿ ಹಿಡಿಯುವುದು ಹೇಗೆ? ಒಂದನೇ ತರಗತಿಯಿಂದ ನನ್ನ ಉಪವಾಸ ನೋಡಿದವಳು ನೀನು, ನಿನಗೆ ಬಿಡಿಸಿ ಹೇಳಬೇಕಿಲ್ಲ.

ಒಂದೇ ಒಂದು ದಿನ. ಹದಿನಾರು, ಶನಿವಾರ. ಅಣ್ಣನಿಗೆ ಹೇಳು. ಪಾರಣೆ ಮುಗಿಸಿ ಹೂವಿನ ಹಾರ, ನಿಮ್ಮ ಹಿರಿಯರು ಅರೆದು ಕುಡಿಯುವ ಯಂಗೋನಾ ಬೇರಿನ ಕಟ್ಟು ಎಲ್ಲಾ ತೆಗೆದುಕೊಂಡು ಬರುತ್ತೇನೆ. ನಿನ್ನಿಂದ ಬೇರೆ ಮಾತು ಬರದಿದ್ದರೆ ಶನಿವಾರಕ್ಕೆ ಒಪ್ಪಿದ್ದಾರೆ ಎಂದೇ ತಿಳಿಯುತ್ತೇನೆ.

ಸೋನ್‌ಮತಿ


ವುನಿಕಾವು
20 ನವೆಂಬರ್ 2002

ವಸಿತಿ,

ನಿನ್ನಿಂದ ಬೇರೆ ಮಾತು ಬರಲಿಲ್ಲ, ಶನಿವಾರ ಹೋದೆ. ನೀನು ಶುಕ್ರವಾರ ಸಂಜೆಯ ಹಡಗಿಗೇ ಸುವಾಕ್ಕೆ ಹೊರಟುಹೋದೆಯಂತೆ. ನೀನು ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಅಪಿಸಾಯ್ ಅಂಗಿ ಇಲ್ಲದೆ ಮೀನಿನ ಬಲೆ ಹೊಲಿಯುತ್ತಾ ಕೂತಿದ್ದ. ತಲೆ ಎತ್ತಲಿಲ್ಲ. ಅವನ ಪರವಾಗಿ ಮಾತಾಡುವ ಮುದುಕ ಪೆನಿ ಮೆಟ್ಟಿಲ ಮೇಲೆ ಬಂದು ನಿಂತ.

"ಚಾಪೆ ನಿನ್ನೆ ಹಾಸಿದ್ವಿ ಅಮ್ಮ."

"ನಿನ್ನೆ ನನಗೆ ಉಪವಾಸ ಇತ್ತಪ್ಪ. ಇವತ್ತು ಬರ್ತೀನಿ ಅಂತ ಹೇಳಿ ಕಳಿಸಿದ್ದೆ."

"ನಮಗೂ ನಿನ್ನೆ ಉಪವಾಸವೇ. ಹದಿನಾಲ್ಕು ಜನ ಮುದುಕರು ಬಿಳಿ ಅಂಗಿ ಹಾಕ್ಕೊಂಡು ಬೆಳಿಗ್ಗೆಯಿಂದ ಸಂಜೆವರೆಗೆ ಬಾಗಿಲು ನೋಡ್ತಾ ಕೂತಿದ್ವಿ. ಒಂದು ನಾಯಿ ಬಂತು."

ನಾನು ಅಂಗಳದಲ್ಲೇ ಮಂಡಿಯೂರಿ ಎರಡೂ ಕೈಯಲ್ಲಿ ತಂಬುವಾ ಎತ್ತಿ ಹಿಡಿದೆ. ತೋಳು ನಡುಗುವ ತನಕ ಹಿಡಿದೆ. ಆಗ ಅಪಿಸಾಯ್ ಬಲೆಯಿಂದ ಕಣ್ಣು ತೆಗೆಯದೆ ಹೇಳಿದ, "ಸತ್ತ ಪ್ರಾಣಿ ಮೂಳೆ ಅಂದ್ಯಂತೆ. ಮೂಳೆ ನಾಯಿಗೆ ಹಾಕು, ನನಗ್ಯಾಕೆ."

ಆ ಮಾತು ಅವನ ಕಿವಿಗೆ ಹಾಕಿದವರು ಯಾರೆಂದು ದಾರಿಯುದ್ದಕ್ಕೂ ಯೋಚಿಸಿದೆ. ಗಫೂರನ ಮುಂದೆ ಒಂದು ಸಲ ಬಾಯಿತಪ್ಪಿ ಅಂದಿದ್ದೆ. ಅವನಲ್ಲದೆ ಇನ್ಯಾರು? ಜೊತೆಗೆ ಬಂದಿದ್ದ ಅವನನ್ನು ಲಾರಿಯಲ್ಲಿ ನಾಲ್ಕು ಜನರೆದುರಿಗೇ ಕೇಳಿದೆ. "ನನ್ನ ಮಕ್ಕಳಾಣೆ ಅತ್ತಿಗೆ, ನಾನಲ್ಲ" ಅಂದ. "ಮಕ್ಕಳನ್ನ ತಿನ್ನೋ ಆಣೆ ಹಾಕಬೇಡ" ಅಂದೆ. ಇಳಿದು ನಡೆದುಕೊಂಡು ಹೋದ. ಮೂವತ್ತು ವರ್ಷದ ಒಡನಾಟ ಅಲ್ಲಿಗೆ ಮುಗಿಯಿತು.

ನನ್ನ ಕಾಗದ ನಿನಗೆ ತಡವಾಗಿ ಸಿಕ್ಕಿರಬೇಕು, ಹಬ್ಬದ ದಿನದ ಅಂಚೆ. ಅಣ್ಣನಿಗೆ ಬರೆದು ತಿಳಿಸು. ಕಬ್ಬು ಎದೆಯುದ್ದ ನಿಂತಿದೆ.

ಸೋನ್‌ಮತಿ


ಸುವಾ
12 ಡಿಸೆಂಬರ್ 2002

ಸೋನಾ,

ಅಂಚೆಯನ್ನು ಬೈದು ಪ್ರಯೋಜನವೇನು. ಅಣ್ಣನ ಸಿಟ್ಟು ಈಗ ಕಾದ ಕಬ್ಬಿಣ, ಮುಟ್ಟಬೇಡ. ಸುಮ್ಮನೆ ಹೋಗು. ನೌಸೋರಿಯಲ್ಲಿ ನಿನ್ನ ನಾದಿನಿ ಇದ್ದಾಳಲ್ಲ, ಒಂದು ವರ್ಷ ಅಲ್ಲಿರು. ಆಮೇಲೆ ನಾನು ಮಾತಾಡುತ್ತೇನೆ.

ಒಂದು ಮಾತು ಕೇಳು. ಬೇರೆಯವರೆಲ್ಲ ಹೋಗುವಾಗ ಮಾಡಿನ ತಗಡು, ಕಿಟಕಿ, ಬಾಗಿಲು ಎಲ್ಲಾ ಕಿತ್ತುಕೊಂಡು ಹೋಗುತ್ತಿದ್ದಾರೆ. ನೀನು ಹಾಗೆ ಮಾಡಬೇಡ. ಮನೆ ನಿಂತಿದ್ದರೆ ನೀನು ತಿರುಗಿ ಬರುವವಳು ಎಂದು ನಾಲ್ಕು ಜನ ತಿಳಿಯುತ್ತಾರೆ. ಪಂಪು, ನೇಗಿಲು ಕೂಡ ಅಲ್ಲೇ ಇರಲಿ. ಬೀಗದ ಕೈ ಪೆನಿಗೆ ಕೊಡು.

ವಸಿತಿ


ನೌಸೋರಿ
18 ಫೆಬ್ರವರಿ 2003

ಪ್ರೀತಿಯ ವಸಿತಿ,

ನೀನು ಹೇಳಿದ ಹಾಗೇ ಒಂದು ಮೊಳೆಯನ್ನೂ ಕೀಳದೆ ಬಂದೆ. ನಾದಿನಿಯ ಹಿಂದಿನ ವರಾಂಡದಲ್ಲಿ ಇದ್ದೇನೆ. ನೆರೆ ಬಂದರೆ ಮಂಚದ ಕಾಲಿಗೆ ನೀರು ಬರುತ್ತದೆ. ಅವಳು ಕೆಟ್ಟವಳಲ್ಲ, ಆದರೆ ನಾನು ಅಕ್ಕಿ ಡಬ್ಬದ ಮುಚ್ಚಳ ತೆಗೆದರೆ ಅಡುಗೆಮನೆಗೆ ಬಂದು ನಿಲ್ಲುತ್ತಾಳೆ. ಉಪವಾಸದ ದಿನ ಮಾತ್ರ ನಗುತ್ತಾ ಮಾತಾಡಿಸುತ್ತಾಳೆ.

ಕಳೆದ ವಾರ ಬಸ್ ಹಿಡಿದು ಸುವಾದ ನಿನ್ನ ಮನೆಗೆ ಬಂದಿದ್ದೆ. ಬಾಗಿಲು ತೆಗೆದವಳು ಬೇರೆ ಯಾರೋ. "ಅವರು ಕ್ವಾರ್ಟರ್ಸ್ ಖಾಲಿ ಮಾಡಿ ತಿಂಗಳಾಯ್ತು. ಯಜಮಾನರ ಕೆಲಸ ಹೋದ ವರ್ಷಾನೇ ಹೋಗಿತ್ತಲ್ಲ. ಲಂಬಾಸಾಕ್ಕೆ ಹೋದ್ರು, ಕಬ್ಬಿನ ಹೊಲ ಸಿಕ್ಕಿದೆಯಂತೆ" ಅಂದಳು. ನಿಮ್ಮ ಕುಲದಲ್ಲಿ ಹೊಲ ಬೇಕಾದಷ್ಟಿವೆ, ಯಾವುದೋ ಒಂದು ಸಿಕ್ಕಿರಬೇಕು. ಒಳ್ಳೆಯದೇ ಆಯಿತು. ಇನ್ನು ಅಣ್ಣನ ಹತ್ತಿರವೇ ಇರುತ್ತೀಯ, ನನ್ನ ಮಾತು ಎತ್ತಲು ಸುಲಭ.

ಹೋಗುವಾಗ ಒಂದು ಸಾಲು ಬರೆಯಬಾರದಾಗಿತ್ತೇ. ಇದನ್ನು ಅಣ್ಣನ ವಿಳಾಸಕ್ಕೆ ಹಾಕುತ್ತಿದ್ದೇನೆ.

ಸೋನ್‌ಮತಿ


ವುನಿಕಾವು, ಲಂಬಾಸಾ
14 ಜುಲೈ 2003

ಸೋನಾ,

ಮೇಲಿನ ವಿಳಾಸ ನೋಡಿದ ಮೇಲೆ ಮುಂದಿನದು ಓದುತ್ತೀಯೋ ಇಲ್ಲವೋ. ಓದು. ನಿನ್ನ ಅಡುಗೆಮನೆಯ ಮೇಜಿನ ಮೇಲೆಯೇ ಬರೆಯುತ್ತಿದ್ದೇನೆ.

ಸೆಮಿಯ ಕಾಲನ್ನು ಹೋದ ಆಗಸ್ಟಿನಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಕೆಲಸ ಅದಕ್ಕೂ ಮೊದಲೇ ಹೋಗಿತ್ತು, ಕ್ವಾರ್ಟರ್ಸ್ ಬಿಡಿ ಎಂದಿದ್ದರು. ನೀನು ಮೊದಲ ಕಾಗದ ಬರೆದ ದಿನವೇ ನನಗೆ ಗೊತ್ತಿತ್ತು, ಎಲ್ಲಿಗಾದರೂ ಹೋಗಲೇಬೇಕು. ಇನ್ನು ಮುಚ್ಚಿಟ್ಟು ಏನು ಮಾಡಲಿ. ನಿನ್ನ ದೀಪಾವಳಿಯ ಕಾಗದ ಎಂಟನೇ ತಾರೀಖೇ ಬಂದಿತ್ತು. ಚಾಪೆಯ ಮೇಲೆ ಅಣ್ಣ "ಅವಳು ಏನಾದರೂ ಹೇಳಿ ಕಳಿಸಿದಳಾ" ಎಂದು ಕೇಳಿದಾಗ ಅದರಲ್ಲಿ ಒಂದೇ ಸಾಲು ಓದಿ ಹೇಳಿದೆ. ಯಾವ ಸಾಲೆಂದು ನಿನಗೆ ಗೊತ್ತು. ದಿನ ಗೊತ್ತುಮಾಡಿದ್ದೂ ನಾನೇ. ನಿಮ್ಮ ಪಂಚಾಂಗವನ್ನು ಸುವಾದ ಎಲ್ಲಾ ಅಂಗಡಿಯಲ್ಲೂ ತೂಗುಹಾಕಿರುತ್ತಾರೆ.

ಗಫೂರನನ್ನು ಬೈದಿದ್ದೀಯ, ಅವನದೇನೂ ತಪ್ಪಿಲ್ಲ.

ಆ ಲೋಟದ ಮಾತು ನೀನು ಬರೆಯದಿದ್ದರೆ ಪ್ರಾಯಶಃ ಇದಕ್ಕೆ ನನಗೆ ಮನಸ್ಸು ಬರುತ್ತಿರಲಿಲ್ಲ. ಪ್ರೀತಿಯಂತೆ. ನಾನು ಕುಡಿದ ಮೇಲೆ ನಿಮ್ಮಮ್ಮ ಆ ಲೋಟವನ್ನು ಕಡ್ಡಿಯಲ್ಲಿ ಎತ್ತಿ ಬೂದಿಯಲ್ಲಿ ಉಜ್ಜುತ್ತಿದ್ದಳು. ನಿಮ್ಮ ಬೆಕ್ಕು ಒಳಗೆ ಹಾಲು ಕುಡಿಯುತ್ತಿತ್ತು. ನಿಮ್ಮ ಮನೆ ಕಟ್ಟಿದ್ದು ನಮ್ಮ ನೆಲದ ಮೇಲೆ, ಆ ನೆಲದ ಮಗಳು ಹಿತ್ತಲಲ್ಲಿ ನಿಂತು ನೀರು ಕುಡಿಯಬೇಕಿತ್ತು. ನೀನು ಐವತ್ತು ವರ್ಷದವಳಾದರೂ ಅದನ್ನು ಪ್ರೀತಿ ಎಂದೇ ಬರೆದೆ.

ಈಗ ಕೆಲಸದ ಮಾತು. ಕಬ್ಬು ಎರಡಾಳು ಎತ್ತರ ನಿಂತಿದೆ. ಮಿಲ್‌ನವರು ಬಂದು ನೋಡಿ ಈ ಭಾಗದಲ್ಲಿ ಇಂಥದ್ದು ಇಲ್ಲ ಎಂದರು. ಕಡಿಯಲು ಆಳಿಲ್ಲ. ಮೊದಲಿದ್ದ ತಂಡಗಳೆಲ್ಲ ಗುತ್ತಿಗೆ ಮುಗಿದು ಚದುರಿಹೋಗಿವೆ, ಉಳಿದದ್ದು ಗಫೂರನದು ಒಂದೇ. ಹೇಳಿ ಕಳಿಸಿದರೆ "ಅತ್ತಿಗೆ ಹೇಳಲಿ, ಬರ್ತೀನಿ" ಅನ್ನುತ್ತಾನೆ. ಅವನಿಗೆ ಒಂದು ಸಾಲು ಬರೆ. ನನಗಾಗಿ ಬೇಡ. ನೀನೇ ನೆಟ್ಟ ಕಬ್ಬು, ಕೊಳೆಯಲು ಬಿಡಬೇಡ.

ವಸಿತಿ


ವುನಿಕಾವು
30 ಆಗಸ್ಟ್ 2003

ಸೋನಾ,

ಅಣ್ಣನ ಮಗ ಮಂಗಳವಾರ ಹೊಲಕ್ಕೆ ಬೆಂಕಿ ಇಟ್ಟ. ಸುಟ್ಟ ಕಬ್ಬನ್ನು ಮಿಲ್‌ನವರು ಸರದಿ ಬಿಟ್ಟು ಮೊದಲು ತೆಗೆದುಕೊಳ್ಳುತ್ತಾರೆ ಎಂದು ಯಾರೋ ಹೇಳಿಕೊಟ್ಟರಂತೆ. ತೆಗೆದುಕೊಳ್ಳುತ್ತಾರೆ, ಕಡಿದುಕೊಟ್ಟರೆ. ಇವತ್ತಿಗೆ ನಾಲ್ಕು ದಿನ. ಹುಳಿ ವಾಸನೆ ಶುರುವಾಗಿದೆ. ನಾನೂ ಚರ್ಚಿನ ಆರು ಹೆಂಗಸರೂ ಕತ್ತಿ ಹಿಡಿದು ಎರಡು ಸಾಲು ಮುಗಿಸಿದ್ದೇವೆ. ಇನ್ನು ಎರಡು ದಿನ ಹೋದರೆ ಲಾರಿಯವನು ಮುಟ್ಟುವುದಿಲ್ಲ.

ಒಂದು ಸಾಲು ಬರೆ. ಗಫೂರನ ಮನೆಗೆ ಫೋನು ಮಾಡಿಸಿದರೂ ಆದೀತು. ಸೆಮಿ ಕಿಟಕಿಯಲ್ಲಿ ಕೂತು ಹೊಲವನ್ನೇ ನೋಡುತ್ತಾನೆ, ಈಗ ನಗುವುದಿಲ್ಲ. ನಾನು ಮಾಡಿದ್ದಕ್ಕೆ ನಾನೇ ದೇವರಿಗೆ ಉತ್ತರ ಕೊಡುತ್ತೇನೆ. ಬೇಡುತ್ತಿದ್ದೇನೆ, ಸೋನಾ.

ವಸಿತಿ


ಗಫೂರ್ ಭಾಯಿಯ ಮನೆ, ಲಂಬಾಸಾ
ಮಂಗಳವಾರ, 11 ನವೆಂಬರ್ 2003

ವಸಿತಿ,

ಇವತ್ತೂ ಉಪವಾಸ. ಗಫೂರ್ ಭಾಯಿಯ ಹೆಂಡತಿ ನನಗೆಂದು ಬೇರೆ ಒಲೆ ಹಾಕಿಕೊಟ್ಟಿದ್ದಾಳೆ. ಬೆಳಿಗ್ಗೆ ಅವಳ ಅಂಗಳವನ್ನೂ ಗುಡಿಸಿ, ಸ್ನಾನ ಮುಗಿಸಿ ಬರೆಯುತ್ತಿದ್ದೇನೆ.

ನಿನ್ನ ಎರಡು ಕಾಗದವೂ ಸಿಕ್ಕಿದ್ದವು. ಜುಲೈಯದು ನಾಲ್ಕೇ ದಿನಕ್ಕೆ ಬಂತು, ಅಂಚೆಯದು ತಪ್ಪಿಲ್ಲ. ಒಂದು ವಾರ ಅದನ್ನು ದಿನಾ ತೆಗೆದು ಓದಿದೆ. ಆಮೇಲೆ ಗಫೂರ್ ಭಾಯಿಗೆ ಬರೆದೆ. ಅವನ ತಪ್ಪಿಲ್ಲ ಎಂದು ನೀನೇ ಬರೆದ ಹಾಳೆಯನ್ನು ಒಳಗಿಟ್ಟು, ಕಾಲಿಗೆ ಬಿದ್ದೆ ಎಂದು ತಿಳಿ ಎಂದು ಬರೆದೆ. ಕೆಳಗೆ ಒಂದು ಸಾಲನ್ನೂ ಬರೆದೆ. ಆ ಹೊಲಕ್ಕೆ ಕತ್ತಿ ತೆಗೆದುಕೊಂಡು ಹೋಗಬೇಡ ಎಂದು. ನೀನು ಕೇಳಿದ್ದ ಒಂದು ಸಾಲು ಹೀಗೆ ಅವನಿಗೆ ಮುಟ್ಟಿತು.

ಬೆಂಕಿ ಇಟ್ಟ ಸುದ್ದಿ ಬಂದಾಗ ಅವನು ಫೋನಿನಲ್ಲಿ ಕೇಳಿದ. "ಅತ್ತಿಗೆ, ಹುಡುಗರು ಕತ್ತಿ ಮಸೆದು ಕೂತಿದ್ದಾರೆ. ಎರಡೇ ದಿನದ ಕೆಲಸ. ನಿನ್ನ ಕಬ್ಬು ಅಲ್ವಾ?" "ಇರಲಿ, ಕೊಳೀಲಿ" ಅಂದೆ. "ನಿನ್ನ ಹೊಟ್ಟೇಲಿ ಇಷ್ಟು ಇದೆ ಅಂತ ಗೊತ್ತಿರಲಿಲ್ಲ" ಅಂದ. ನನಗೂ ಗೊತ್ತಿರಲಿಲ್ಲ.

ಅಮ್ಮ ಕಡ್ಡಿಯಲ್ಲಿ ಎತ್ತುತ್ತಿದ್ದದ್ದು ನಿಜ. ನೀನು ಬರೆದ ಮೇಲೆ ಕಣ್ಣಿಗೆ ಕಟ್ಟಿತು. ಅದಕ್ಕೆ ಅಮ್ಮನ ಪರವಾಗಿ ಕ್ಷಮೆ ಕೇಳುತ್ತೇನೆ. ಏಳು ಎಕರೆಗೆ ಕೇಳುವುದಿಲ್ಲ.

ಇನ್ನು ಮುಖ್ಯ ಮಾತು. ನಿನ್ನ ಅಣ್ಣ ಹೋದ ತಿಂಗಳು ನೌಸೋರಿಗೆ ಬಂದಿದ್ದ. ವರಾಂಡದ ಮೆಟ್ಟಿಲ ಮೇಲೆ ಕೂತ. ಗುತ್ತಿಗೆಯ ಹಣ ನಿಂತು ಚರ್ಚಿನ ಮಾಡು ಅರ್ಧಕ್ಕೇ ನಿಂತಿದೆಯಂತೆ, ಪಾದ್ರಿ ಕೊಡೆ ಹಿಡಿದು ಪ್ರಾರ್ಥನೆ ಮಾಡಿಸುತ್ತಾನಂತೆ. "ತಂಗಿ ಅಂತ ಕೊಟ್ಟೆ. ಹೊಲ ತಂಗಿ ಅಂತ ನೋಡಲ್ಲ" ಅಂದ. ತಂಬುವಾ ತರಲೇ ಎಂದು ಕೇಳಿದೆ. "ಅದೆಲ್ಲ ಬೇಡ, ಕಚೇರಿಗೆ ಬಂದು ಸಹಿ ಹಾಕು" ಅಂದ. ಹೋದ ಗುರುವಾರ ಹಾಕಿದೆ. ಮೂವತ್ತು ವರ್ಷಕ್ಕೆ. ಮನೆಯೂ ಅದರಲ್ಲೇ ಬಂತು. ನಿನಗೆ ಇದನ್ನು ಹೇಳಲು ಅವನಿಗೆ ಮುಖವಿಲ್ಲವಂತೆ, ನೀನೇ ತಿಳಿಸು ಅಂದ.

ಆದ್ದರಿಂದ ಈ ತಿಂಗಳ ಇಪ್ಪತ್ತೊಂಬತ್ತರೊಳಗೆ ಮನೆ ಬಿಡು. ನಿನ್ನ ಅಣ್ಣನ ಮನೆಯಲ್ಲಿ ನಿಮಗೆ ಜಾಗ ಇದೆ ಎಂದು ಅವನು ಹೇಳಿದ. ನಿನ್ನ ಅತ್ತಿಗೆ ಇಲ್ಲ ಎನ್ನುತ್ತಾಳೆಂದು ಪೆನಿ ಹೇಳಿದ. ಅದು ನಿಮ್ಮ ಮನೆಯ ಮಾತು, ನಾನು ನಡುವೆ ಬರುವುದಿಲ್ಲ. ಮುಂದಿನ ಮೆಟ್ಟಿಲು ಕಡಿದಾಗಿದೆ, ಸೆಮಿಯ ಗಾಲಿ ಕುರ್ಚಿ ಇಳಿಯುವುದಿಲ್ಲ. ನಾಲ್ಕು ಗಂಡಸರನ್ನು ಹೇಳಿಟ್ಟುಕೊ. ಡಿಸೆಂಬರ್ ಎರಡು ಮಂಗಳವಾರ, ರಾಮಾಯಣ ಮಂಡಳಿಯವರನ್ನು ಕರೆದಿದ್ದೇನೆ. ಅದಕ್ಕೆ ಮೊದಲು ಗೋಮೂತ್ರ ಹಾಕಿ ಮನೆಯ ಮೂಲೆ ಮೂಲೆ ತೊಳೆಸಬೇಕು. ಅದಕ್ಕೆ ನನಗೆ ಎರಡು ದಿನ ಬೇಕೇ ಬೇಕು. ಇಪ್ಪತ್ತೊಂಬತ್ತು ಎಂದದ್ದು ಅದಕ್ಕೇ.

ಸುಟ್ಟ ಕಬ್ಬಿನ ಬುಡಗಳನ್ನು ನೀನು ಕೀಳಬೇಡ. ನಾನು ಉಳಿಸುತ್ತೇನೆ, ಇಲ್ಲವಾದರೆ ಉತ್ತು ಹಾಕುತ್ತೇನೆ. ಯಾವ ದಿನ ಹೋಗುತ್ತೀಯ ಎಂದು ಮಾತ್ರ ಬರೆದು, ಈ ಕಾಗದ ತಂದ ಲಾರಿಯ ಜೈನುಲ್ ಭಾಯಿಯ ಕೈಗೆ ಕೊಡು. ದೇವರು ಸೆಮಿಗೆ ಆರೋಗ್ಯ ಕೊಡಲಿ, ನಿಜವಾಗಿ ಕೇಳಿಕೊಳ್ಳುತ್ತೇನೆ.

ಸೋನ್‌ಮತಿ

ಜೈನುಲ್ ಭಾಯಿ, ಈ ಚೀಟಿ ನಿಮಗೆ. ಲಾರಿಯನ್ನು ಗೇಟಿನ ಹತ್ತಿರ ನಿಲ್ಲಿಸಿ ಈ ಕಾಗದ ಅವಳ ಕೈಗೇ ಕೊಡಿ. ಒಡೆದು ಓದುವ ತನಕ ಅಲ್ಲೇ ಇರಿ. ಅತ್ತರೆ ಅಳಲಿ, ಬಯ್ದರೆ ಬಯ್ಯಲಿ, ನೀವು ಏನೂ ಅನ್ನಬೇಡಿ. ಅವಳ ಹತ್ತಿರ ಪೆನ್ನು ಇಲ್ಲದಿದ್ದರೆ ನಿಮ್ಮದು ಕೊಡಿ. ಉತ್ತರ ಬರೆಸಿಕೊಂಡು ನೀವೇ ತಂದು ಕೊಡಿ.